ಟೂರ್ ಗೆದ್ರೆ ಸಾಕಾ?

ಮಾನ್ಯ ಸಂಪಾದಕರೇ,

ಸೈಕ್ಲಿಂಗ್ ಅಂದ್ರೆ ಬರೀ ಮೂರು ವಾರದ ಟೂರ್ ಡಿ ಫ್ರಾನ್ಸ್ ರೇಸ್ ಅನ್ನೋ ಹಾಗೆ ಎಲ್ರೂ ಬರೀತಾರೆ, ಅದಕ್ಕೇ ಈ ಪತ್ರ. ಇಂಡುರೇನ್ 5 ಸಲ, ಫ್ರೂಮ್ 4 ಸಲ ಟೂರ್ ಗೆದ್ರು, ಆದ್ರೆ ಫ್ಲಾಂಡರ್ಸ್, ರೂಬೆ ತರದ ಐದು ದೊಡ್ಡ ಒನ್ ಡೇ ಕ್ಲಾಸಿಕ್ ರೇಸ್‌ಗಳಲ್ಲಿ ಇಬ್ರಿಗೂ ಒಂದೂ ಸಿಗ್ಲಿಲ್ಲ. ಟೂರ್ ಗೆದ್ದಿರೋ ಸ್ಲೊವೇನಿಯಾದ ಪೊಗಾಚಾರ್ ಲೆಕ್ಕಾನೇ ಬೇರೆ ಬಿಡಿ, 2023, 2025ರಲ್ಲಿ ಫ್ಲಾಂಡರ್ಸ್, 2021ರಿಂದ 2025ರವರೆಗೆ ಪ್ರತಿ ವರ್ಷ ಆ ಐದರಲ್ಲೇ ಇನ್ನೊಂದಾದ ಲೊಂಬಾರ್ಡಿಯಾ ಗೆದ್ರು. ರೂಬೆಯ ಕಲ್ಲು ರಸ್ತೆ ಮಾತ್ರ ದಪ್ಪ ತೊಡೆಯವರದ್ದು, ಬೆಟ್ಟ ಹತ್ತೋ ಹಗುರ ಮೈಗೆ ಅಲ್ಲಿ ಲಾಭ ಇಲ್ಲ, ಆದ್ರೂ ಪೊಗಾಚಾರ್ 2025ರಲ್ಲಿ ಅಲ್ಲಿಗೆ ಮೊದಲನೇ ಸಲ ಹೋಗಿ, ಬಿದ್ದೂ ಕೂಡ ಎರಡನೇ ಸ್ಥಾನ! ಹಳೇ ದಿಗ್ಗಜ ಮೆರ್ಕ್ಸ್ ತರ ಈ ಐದು ರೇಸ್ ಸೇರಿ 19 ಸಲ ಗೆಲ್ಲೋದು ಕಷ್ಟ ಅನ್ಸುತ್ತೆ ನಂಗೆ, ಆದ್ರೂ ಟೂರ್ ಗೆದ್ದೋರಿಗೆ ಸಿಗೋ ಹಳದಿ ಜೆರ್ಸಿ ಎಣಿಸೋದ್ರ ಜೊತೆ ಈ ಕ್ಲಾಸಿಕ್ ಬಗ್ಗೆನೂ ಸ್ವಲ್ಪ ಬರೀರಿ ಸಾರ್.

ಇತಿ, ನಿಮ್ಮ ಓದುಗ