ಶನಿವಾರದ ಹಿಮನದಿ ನಡಿಗೆ: ಓದಿ ಉತ್ತರಿಸಿ

ಎಲ್ಲರಿಗೂ ನಮಸ್ಕಾರ.

ಶನಿವಾರ ಸೋಲ್ಹೇಮಾಯೋಕುಲ್ ಹಿಮನದಿಗೆ ಹೋಗುತ್ತಿದ್ದೇವೆ. ಐಸ್‌ಲ್ಯಾಂಡ್‌ನ ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 160 ಕಿ.ಮೀ., ಎರಡು ಗಂಟೆಯ ದಾರಿ. ಬೆಳಿಗ್ಗೆ 7ಕ್ಕೆ ಹೋಟೆಲ್ ಬಾಗಿಲಲ್ಲಿ ಸೇರೋಣ. ನಡಿಗೆ 9 ಮಂದಿಗೂ ಇದೆ. ಐಸ್ ಗೋಡೆ ಹತ್ತುವುದು ಇಷ್ಟವಿದ್ದವರಿಗೆ ಮಾತ್ರ.

ದಯವಿಟ್ಟು ಜೀನ್ಸ್ ಬೇಡ. ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈ ಕೊರೆಯುತ್ತದೆ. ಒಳಗೆ ಉಣ್ಣೆ, ಮೇಲೆ ಮಳೆ ತಡೆಯುವ ಜಾಕೆಟ್, ಪ್ಯಾಂಟು. ಶೂ ಗಟ್ಟಿ ಅಡಿಯದ್ದು, ಕಣಕಾಲು ಮುಚ್ಚುವಂಥದ್ದೇ ಆಗಬೇಕು. ಮೆತ್ತನೆ ಶೂಗೆ ಕ್ರ್ಯಾಂಪನ್, ಅಂದರೆ ಅಡಿಗೆ ಕಟ್ಟುವ ಕಬ್ಬಿಣದ ಮುಳ್ಳು, ಸರಿಯಾಗಿ ನಿಲ್ಲುವುದಿಲ್ಲ. ಕ್ರ್ಯಾಂಪನ್, ಹೆಲ್ಮೆಟ್, ಹಾರ್ನೆಸ್ (ಹಗ್ಗ ಸಿಕ್ಕಿಸುವ ಸೊಂಟದ ಪಟ್ಟಿ), ಐಸ್ ಕೊಡಲಿ ಅಲ್ಲೇ ಸಿಗುತ್ತವೆ.

ನಡೆಯುವಾಗ ಕಾಲು ಸ್ವಲ್ಪ ಅಗಲಿಸಿ, ಪಾದ ಪೂರ್ತಿ ಊರಿ. ಫೋಟೋಗೆಂದು ಸುಮ್ನೆ ಆಚೆ ಹೋಗಬೇಡಿ, ಬಿರುಕುಗಳಿರುತ್ತವೆ. ಗೋಡೆ ಹತ್ತುವಾಗ ಭಾರ ಕೈಗಿಂತ ಕಾಲಿನ ಮೇಲೆ ಜಾಸ್ತಿ ಇರಲಿ. ಮಂಜುಗಡ್ಡೆ ಕಪ್ಪಗಿದೆ ಅಂತ ಬೇಸರಪಡಬೇಡಿ, ಅದು ಜ್ವಾಲಾಮುಖಿಯ ಬೂದಿ. ನನಗಂತೂ ಅದೇ ಚೆಂದ!

ಗುರುವಾರ ರಾತ್ರಿಯೊಳಗೆ ಶೂ ಅಳತೆ ಬರೆದು, ಗೋಡೆ ಹತ್ತುವವರು ‘ಹತ್ತುತ್ತೇನೆ’ ಅಂತಲೂ ಹಾಕಿ. ಮಂಡಿನೋವು ಇರುವವರು ನನಗೆ ಬೇರೆಯಾಗಿ ತಿಳಿಸಿ, ಸಂಕೋಚ ಬೇಡ.