48 ಗಂಟೆ ದಾಟಿದ ಜಾಬ್‌ಗಳನ್ನು ಇನ್ನು ಮುಂದೆ ನಿಲ್ಲಿಸುತ್ತೇವೆ

ಪ್ರೀತಿಯ ಗ್ರಾಹಕರಿಗೆ,

ಪುಣೆಯ ಪಾಷಾಣ ಬಡಾವಣೆಯಿಂದ ನಮಸ್ಕಾರ.

ಜೈವಿಕ ಡೇಟಾವನ್ನು ಬ್ರೌಸರ್‌ನಲ್ಲೇ ವಿಶ್ಲೇಷಿಸುವ ನಮ್ಮ ಗ್ಯಾಲಕ್ಸಿ ಸರ್ವರ್‌ನಲ್ಲಿ ಬರುವ ತಿಂಗಳ 1ರಿಂದ ಹೊಸ ನಿಯಮ ಬರುತ್ತಿದೆ. ಓಡಲು ಶುರುವಾಗಿ 48 ಗಂಟೆಯಾದರೂ ಮುಗಿಯದ ಜಾಬ್ (ನೀವು ಓಡಿಸಲು ಕೊಟ್ಟ ಒಂದು ವಿಶ್ಲೇಷಣೆ) ತಾನಾಗಿ ನಿಲ್ಲುತ್ತದೆ. ಸರದಿಯಲ್ಲಿ ಕಾದ ಹೊತ್ತು ಈ ಲೆಕ್ಕಕ್ಕಿಲ್ಲ.

ಇಷ್ಟು ದಿನ ನಾವು ಯಾರ ಜಾಬ್‌ಗೂ ಕೈ ಹಾಕಿರಲಿಲ್ಲ. ನಿಮ್ಮ ಡೇಟಾ, ನಿಮ್ಮ ಶ್ರಮ ಅಲ್ವಾ? ಆದರೆ ಕಳೆದ ತಿಂಗಳು ಒಂದು ಶುಕ್ರವಾರ ರಾತ್ರಿ ಒಂದು ಜಾಬ್ ಸಿಕ್ಕಿಹಾಕಿಕೊಂಡಿತು. ಹಿಸ್ಟರಿಯಲ್ಲಿ, ಅಂದರೆ ಪರದೆಯ ಬದಿಯ ಕೆಲಸಗಳ ಪಟ್ಟಿಯಲ್ಲಿ, ಹಳದಿ ಬಣ್ಣ ಹಾಗೇ ಇತ್ತು. ಓಡುತ್ತಿದೆ ಅಂತಲೇ ನಾವು ಅಂದುಕೊಂಡೆವು. ಅದರ ಹಿಂದೆ ಹನ್ನೊಂದು ಜಾಬ್‌ಗಳು ಬೂದು ಬಣ್ಣದಲ್ಲೇ ಸೋಮವಾರದವರೆಗೆ ಕಾದವು. ಅವುಗಳಲ್ಲಿ ಧಾರವಾಡದ ವಿದ್ಯಾರ್ಥಿನಿಯೊಬ್ಬರದೂ ಇತ್ತು. ಮಂಗಳವಾರ ಅವರು ಗೈಡ್‌ಗೆ ರಿಸಲ್ಟ್ ತೋರಿಸಬೇಕಿತ್ತು. ಅವರ ಫೋನ್ ಬಂದಾಗಲೇ ನಮಗೆ ವಿಷಯ ಗೊತ್ತಾಗಿದ್ದು. ತಪ್ಪು ನಮ್ಮದು. ಅವರಲ್ಲಿ, ಕಾದ ಎಲ್ಲರಲ್ಲಿ ಕ್ಷಮೆ ಕೇಳುತ್ತೇವೆ.

ಆ ಜಾಬ್ ನಿಲ್ಲಿಸುವುದೂ ಸುಲಭವಾಗಲಿಲ್ಲ. ಗ್ಯಾಲಕ್ಸಿಯ ಅಡ್ಮಿನ್ ಪುಟದಲ್ಲಿ ನಿಲ್ಲಿಸಿದೆವು, ಪಟ್ಟಿಯಿಂದ ಹೋಯಿತು. ಒಳಗೆ ಸ್ಲರ್ಮ್‌ನಲ್ಲಿ (ಜಾಬ್‌ಗಳನ್ನು ಕಂಪ್ಯೂಟರ್‌ಗಳಿಗೆ ಹಂಚುವ ಸಾಫ್ಟ್‌ವೇರ್) ಮಾತ್ರ ಮೆಮೊರಿ ಹಿಡಿದುಕೊಂಡು ಹಾಗೇ ಇತ್ತು. ಗ್ಯಾಲಕ್ಸಿ ಕೊಡುವ ಜಾಬ್ ನಂಬರ್ ಬೇರೆ, ಸ್ಲರ್ಮ್ ಕೊಡುವ ನಂಬರ್ ಬೇರೆ. ಎರಡನ್ನೂ ತಾಳೆ ನೋಡಿ ಅಲ್ಲೂ ರದ್ದು ಮಾಡಿದೆವು. ಆಗಲೂ ಪ್ರೊಸೆಸ್, ಅಂದರೆ ಒಳಗೆ ಓಡುತ್ತಿದ್ದ ಪ್ರೋಗ್ರಾಮ್, ಹೋಗಲಿಲ್ಲ. ಡಿಸ್ಕ್‌ನ ಉತ್ತರಕ್ಕೆ ಕಾಯುತ್ತಾ ಕೂತ ಪ್ರೊಸೆಸ್ ಲಿನಕ್ಸ್‌ನಲ್ಲಿ ಕೆಲವೊಮ್ಮೆ ಬಲವಂತವಾಗಿ ನಿಲ್ಲಿಸುವ ಕಿಲ್ ಕಮಾಂಡನ್ನೂ ಕೇಳುವುದಿಲ್ಲ. ಡಿಸ್ಕ್ ಸರಿಮಾಡಿದ ಮೇಲೆಯೇ ಬಿಟ್ಟಿತು. ಸುಮ್ನೆ ಗ್ಯಾಲಕ್ಸಿ ರೀಸ್ಟಾರ್ಟ್ ಮಾಡಬಹುದಿತ್ತಲ್ಲ ಅಂತ ಕೆಲವರು ಕೇಳಿದಿರಿ. ಅದರಿಂದ ಆಗುತ್ತಿರಲಿಲ್ಲ. ಸ್ಲರ್ಮ್‌ಗೆ ಒಪ್ಪಿಸಿದ ಜಾಬ್‌ಗಳು ಗ್ಯಾಲಕ್ಸಿ ನಿಂತರೂ ತಮ್ಮ ಪಾಡಿಗೆ ಓಡುತ್ತವೆ. ಉಳಿದವರ ಕೆಲಸ ಕೆಡದೆ ಇರುವುದು ಅದರಿಂದಲೇ.

ಆದ್ದರಿಂದ ಈಗ ಗ್ಯಾಲಕ್ಸಿ, ಸ್ಲರ್ಮ್ ಎರಡೂ ಕಡೆ ಸಮಯದ ಮಿತಿ ಹಾಕಿದ್ದೇವೆ. 36 ಗಂಟೆಯಾದಾಗ ನಿಮಗೆ ಮೇಲ್ ಬರುತ್ತದೆ. ಜಾಬ್ ನಿಜವಾಗಿ ಓಡುತ್ತಿದ್ದರೆ ಒಂದು ಉತ್ತರ ಬರೆಯಿರಿ, ಸಮಯ ಹೆಚ್ಚಿಸುತ್ತೇವೆ. ದೊಡ್ಡ ಜೀನೋಮ್ ಅಸೆಂಬ್ಲಿಗೆ (ಡಿಎನ್‌ಎ ತುಣುಕುಗಳನ್ನು ಜೋಡಿಸುವ ಕೆಲಸ) ದಿನಗಟ್ಟಲೆ ಬೇಕು, ಅದು ನಮಗೂ ಗೊತ್ತು. ಅಂಥದ್ದಿದ್ದರೆ ಶುರು ಮಾಡುವ ಮೊದಲೇ ಹೇಳಿ, ಬೇರೆ ಸಾಲಿಗೆ ಹಾಕುತ್ತೇವೆ.

ನೀವೇ ನಿಲ್ಲಿಸಬೇಕಾದರೆ ಹಿಸ್ಟರಿಯಲ್ಲಿ ಆ ಜಾಬ್‌ನ ಔಟ್‌ಪುಟ್ ಡಿಲೀಟ್ ಮಾಡಿ. ಒಂದು ಜಾಬ್‌ಗೆ ನಾಲ್ಕು ಔಟ್‌ಪುಟ್ ಇದ್ದರೆ ನಾಲ್ಕನ್ನೂ ಡಿಲೀಟ್ ಮಾಡಬೇಕು. ಒಂದು ಉಳಿದರೂ ಜಾಬ್ ನಿಲ್ಲುವುದಿಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ.

ಜಾಬ್ ನಿಂತರೆ ನೀವು ಅಪ್‌ಲೋಡ್ ಮಾಡಿದ ಫೈಲ್‌ಗಳಿಗೆ ಏನೂ ಆಗುವುದಿಲ್ಲ. ಅರ್ಧ ಆದ ಔಟ್‌ಪುಟ್ ಮಾತ್ರ ಉಳಿಯುವುದಿಲ್ಲ. ಮತ್ತೆ ಓಡಿಸುವ ಬಟನ್ ಒತ್ತಿದರೆ ಹಳೇ ಸೆಟ್ಟಿಂಗ್‌ಗಳೆಲ್ಲ ತುಂಬಿಕೊಂಡೇ ಬರುತ್ತವೆ.

ಇನ್ನು ಮೇಲೆ ಶನಿವಾರ, ಭಾನುವಾರವೂ ಬೆಳಿಗ್ಗೆ ಮತ್ತು ಸಂಜೆ ನಮ್ಮಲ್ಲೊಬ್ಬರು ಸರದಿ ನೋಡುತ್ತಾರೆ. ಹಳದಿ ಬಣ್ಣ ಬಹಳ ಹೊತ್ತು ಕದಲದಿದ್ದರೆ ಕಾಯಬೇಡಿ, ಆಗಲೇ ಫೋನ್ ಮಾಡಿ.

ಇಂತು,
ಸರ್ವರ್ ನೋಡಿಕೊಳ್ಳುವ ಬಳಗ
ಪಾಷಾಣ, ಪುಣೆ