112ನೇ ಪುಟದ ಇಬ್ಬನಿ

ಕಾಜುಬಾಗ, ಕಾರವಾರ

ಪ್ರೀತಿಯ ತಂಗೀ,

ಶಿರಸಿ ಬಸ್ಸಿನ ಕಂಡಕ್ಟರ ಕೈಯಲ್ಲಿ ನೀನು ಕಳಿಸಿದ ಕಟ್ಟು ತಲುಪಿ ಬಹಳ ದಿನವಾಯ್ತು. ಕಾದಂಬರಿಗಿಂತ ಮೊದಲು ಅದರ ಮೇಲಿದ್ದ ಪತ್ರ ಓದಿದೆ. ಓದಿ ಸಿಟ್ಟು ಬಂತು, ಸ್ವಲ್ಪ ಹೊತ್ತಿಗೆ ನಗುವೂ ಬಂತು. 'ಅಕ್ಕೋರೆ, ವರ್ಷಗಟ್ಟಲೆ ಕೂತು ಬರೆದದ್ದನ್ನು ಪ್ರಕಾಶಕರು ಮುಟ್ಟಿಯೂ ನೋಡಲಿಲ್ಲ. ನಮ್ಮ ಪಕ್ಕದ ಮನೆ ಅತ್ತಿಗೆ ಮೊಬೈಲಿನಲ್ಲಿ ಓದುವ ಧಾರಾವಾಹಿಗೆ ಲಕ್ಷಾಂತರ ಜನ. ಒಂದು ವಾಕ್ಯ ನೆಟ್ಟಗಿಲ್ಲ, ಅಲ್ಪಪ್ರಾಣ ಮಹಾಪ್ರಾಣ ಒಂದೂ ಗೊತ್ತಿಲ್ಲ, ಕಂತಿಗೊಂದು ಹಾಸಿಗೆ. ನಾನೂ ಬೇರೆ ಹೆಸರಿಟ್ಟುಕೊಂಡು ಅಂಥದ್ದೊಂದು ಗೀಚಿ ಬಿಸಾಕಲೇ?' ಎಂದು ಕೇಳಿದ್ದೀಯ.

ಪ್ರಕಾಶಕರನ್ನು ಹಿಡಿಯುವುದು ಹೇಗೆ, ಅಧ್ಯಾಯ ಎಷ್ಟುದ್ದ ಇರಬೇಕು, ಮುನ್ನುಡಿ ಯಾರಿಂದ ಬರೆಸಬೇಕು, ಇದನ್ನೆಲ್ಲ ಹೇಳಲು ಊರತುಂಬ ಜನ ಇದ್ದಾರೆ. ನನಗೆ ಹೇಳಬೇಕಾದ್ದು ನಿನ್ನ ಹಸ್ತಪ್ರತಿಯ 112ನೇ ಪುಟದ ಬಗ್ಗೆ. ಅಲ್ಲಿಗೆ ಬರುತ್ತೇನೆ, ತಾಳು. ಮೊದಲು ನಿನ್ನ ಹೊಟ್ಟೆಯುರಿಯ ವಿಷಯ ಮುಗಿಸೋಣ.

ಈ ಉರಿ ಹೊಸದೇನಲ್ಲ. 'ಫಿಫ್ಟಿ ಶೇಡ್ಸ್ ಆಫ್ ಗ್ರೇ' ಎಂಬ ಇಂಗ್ಲಿಷ್ ಕಾಮ ಕಾದಂಬರಿ ಬಂದಾಗ ದೇಶದೇಶದ ಸಾಹಿತಿಗಳಿಗೆ ಹತ್ತಿದ್ದು ಇದೇ. ಲಂಡನ್ನಿನಲ್ಲಿ ಟೀವಿ ಕೆಲಸದಲ್ಲಿದ್ದ, ಇಬ್ಬರು ಗಂಡುಮಕ್ಕಳ ತಾಯಿ ಇ. ಎಲ್. ಜೇಮ್ಸ್ ಅದನ್ನು ಬರೆದವಳು. ರಕ್ತಪಿಶಾಚಿಯ ಪ್ರೇಮಕತೆಯೊಂದಕ್ಕೆ ಮನಸೋತು, ಅದರ ಪಾತ್ರಗಳನ್ನೇ ಇಟ್ಟುಕೊಂಡು ಅಂತರ್ಜಾಲದಲ್ಲಿ ಕಂತು ಕಂತಾಗಿ ಬರೆದಳು. ಆಮೇಲೆ ಪಾತ್ರಗಳ ಹೆಸರು ಬದಲಾಯಿತು. 2011ರಲ್ಲಿ ಆಸ್ಟ್ರೇಲಿಯಾದ ಪುಟ್ಟ ಪ್ರಕಾಶನವೊಂದು ಅದನ್ನು ಹೊರತಂದಿತು, 2012ರಲ್ಲಿ ದೊಡ್ಡವರು ಕೊಂಡರು, 2014ರ ಹೊತ್ತಿಗೆ ಮೂರು ಭಾಗ ಸೇರಿ 10 ಕೋಟಿ ಪ್ರತಿ ದಾಟಿತ್ತು. ನಾಯಕಿ ಮಾತೆತ್ತಿದರೆ ತುಟಿ ಕಚ್ಚುತ್ತಾಳೆ. ಕೆಂಪು ಪೆನ್ನು ಹಿಡಿದು ಓದಲು ಕೂತವಳು ಬೇಗನೇ ಮುಚ್ಚಳ ಹಾಕಿಬಿಟ್ಟೆ, ಶಾಯಿ ಸಾಲುವ ಹಾಗಿರಲಿಲ್ಲ. ಪುಸ್ತಕವನ್ನು ಮಾತ್ರ ಮುಚ್ಚಲಿಲ್ಲ.

ಕೆಟ್ಟದಾಗಿ ಬರೆದರೂ ಯಾಕೆ ಓಡಿತು ಎಂದು ಎಲ್ಲರೂ ಕೇಳಿದರು. ಕೋಟಿಗಟ್ಟಲೆ ಪ್ರತಿ ಹೋಯಿತು ಎಂದರೆ, ವರ್ಷವಿಡೀ ಒಂದು ಪುಸ್ತಕ ಕೊಳ್ಳದವರೂ ಕೊಂಡಿದ್ದಾರೆ ಎಂದರ್ಥ. ಅವರಿಗೆ ವಾಕ್ಯದ ಚಂದ ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಸವೆದ ಮಾತು ಕಣ್ಣನ್ನು ತಡೆಯುವುದಿಲ್ಲ, ಪುಟ ಸರಸರ ಮಗುಚುತ್ತದೆ. ಕಂತಿನಲ್ಲಿ ಬರೆದದ್ದಾದ್ದರಿಂದ ಪ್ರತಿ ಅಧ್ಯಾಯದ ಕೊನೆಯಲ್ಲೂ ಒಂದು ಕೊಕ್ಕೆ. ಓದುಗರು ಕೂಡಲೇ ಹೇಳಿದ ಬೇಕು ಬೇಡಗಳು ಮುಂದಿನ ಕಂತಿಗೆ ಒದಗುತ್ತವೆ; ನಮ್ಮ ನಿಮ್ಮಂಥವರಿಗೆ ಓದುಗರ ಮುಖ ಕಾಣುವುದು ಪುಸ್ತಕ ಬಿಡುಗಡೆಯ ಉಪ್ಪಿಟ್ಟಿನ ಸಾಲಿನಲ್ಲಿ ಮಾತ್ರ. ವಿಮರ್ಶಕರು ಬೈದಷ್ಟೂ ಪ್ರಚಾರ. ಮೇಲಾಗಿ ಇ-ಪುಸ್ತಕಕ್ಕೆ ರಕ್ಷಾಪುಟ ಕಾಣುವುದಿಲ್ಲ. ರೈಲಿನಲ್ಲಿ ಎದುರು ಕೂತವನಿಗೆ ನೀನು ಓದುತ್ತಿರುವುದು ಗೀತೆಯೋ ಮತ್ತೊಂದೋ ತಿಳಿಯುವುದಿಲ್ಲ. ನಮ್ಮೂರಲ್ಲಿ ಆ ಕೆಲಸವನ್ನು ಹಳೇ ದಿನಪತ್ರಿಕೆ ಮಾಡುತ್ತಿತ್ತು.

ನಾನು ಮಾಸ್ತರಿಕೆಗೆ ಸೇರಿದ ಕಾಲಕ್ಕೆ ಕಾರವಾರ ಪೇಟೆಯಲ್ಲೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಠೇವಣಿ ಇಟ್ಟು, ದಿನಬಾಡಿಗೆಗೆ ಕಾದಂಬರಿ. ಹೆಂಗಸರು ತಾವು ಬರುತ್ತಿರಲಿಲ್ಲ, ಕೈಚೀಲ ಕೊಟ್ಟು ಮಕ್ಕಳನ್ನು ಕಳಿಸುತ್ತಿದ್ದರು. ಪೇಪರಿನ ಹೊದಿಕೆ ಹಾಕಿದ ಆ ಪುಸ್ತಕಗಳನ್ನು ಮೇಜಿನ ಮೇಲಿಟ್ಟರೆ ತಮ್ಮಷ್ಟಕ್ಕೇ ಒಂದು ಪುಟಕ್ಕೆ ತೆರೆದುಕೊಳ್ಳುತ್ತಿದ್ದವು. ನಡುವೆ ಹೊಲಿಗೆ ಸಡಿಲಾಗಿ, ಅಂಚು ಎಣ್ಣೆಗೈ ತಾಗಿ ಕಪ್ಪಾಗಿ. ಅದು ಯಾವ ಪುಟ ಎಂದು ನೀನು ಊಹಿಸುತ್ತೀಯೋ ಅದೂ ಕಪ್ಪಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನನಗೆ ನೆನಪಿರುವ ಒಂದು ಕಾದಂಬರಿಯಲ್ಲಿ ಅದಕ್ಕಿಂತ ಮಾಸಿದ ಪುಟ ಬೇರೆಯೇ ಇತ್ತು. ಕಾಫಿ ಎಸ್ಟೇಟಿನ ಮಾಲೀಕನಾದ ನಾಯಕ, ಜ್ವರ ಬಂದು ಮಲಗಿದ ಹೆಂಡತಿಯ ಪಕ್ಕ ಕೂತು ಗಂಜಿ ಆರಿಸಿ ಆರಿಸಿ ಚಮಚದಲ್ಲಿ ಕುಡಿಸುತ್ತಾನೆ. ನಡುವೆ ಫೋನ್ ಹೊಡೆದುಕೊಳ್ಳುತ್ತದೆ, ಎತ್ತುವುದಿಲ್ಲ. ಅಷ್ಟೇ. ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು, ಅದರ ಮೇಲೆ ಇನ್ಯಾರದೋ ಬೇರೆ ಪೆನ್ಸಿಲಿನ ಗೆರೆ.

ಅಮೆರಿಕದ ಜಾನಿಸ್ ರ‍್ಯಾಡ್‌ವೇ ಎಂಬ ವಿದ್ವಾಂಸೆ ಇಂಥ ಪ್ರೇಮ ಕಾದಂಬರಿ ಓದುವ ಸಾಮಾನ್ಯ ಗೃಹಿಣಿಯರ ಜತೆ ಕೂತು ಮಾತಾಡಿ 1984ರಲ್ಲಿ ಒಂದು ಪುಸ್ತಕ ಬರೆದಳು. ಕತೆ ಏನೇ ಇರಲಿ, ಪುಸ್ತಕ ಹಿಡಿದು ಕೂತ ಆ ಒಂದು ಹೊತ್ತು ಮನೆಯವರು ಯಾರೂ ನನ್ನನ್ನು ಕರೆಯಕೂಡದು, ಅದು ನನ್ನ ಹೊತ್ತು ಎಂಬುದೇ ಆ ಹೆಂಗಸರಿಗೆ ದೊಡ್ಡದಾಗಿತ್ತು. ಇನ್ನು ನಾಯಕನಿಂದ ಅವರು ಬಯಸಿದ್ದು ತಮ್ಮನ್ನು ಯಾರಾದರೂ ಅಕ್ಕರೆಯಿಂದ ನೋಡಿಕೊಳ್ಳಲಿ ಎಂಬುದನ್ನು. ದಿನಾ ಎಲ್ಲರನ್ನೂ ನೋಡಿಕೊಳ್ಳುವುದು ಅವರೇ ಆದ್ದರಿಂದ. ಇದನ್ನು ಓದಿದಾಗ ನನಗೆ ಗಂಜಿಯ ಪುಟ ನೆನಪಾಯಿತು. ಆ ನಾಯಕರಿಗೆ ಕೋಟಿ ವ್ಯವಹಾರ ಎನ್ನುತ್ತಾರೆ, ಒಬ್ಬನೂ ನೆಟ್ಟಗೆ ಆಫೀಸಿಗೆ ಹೋದದ್ದು ಕಾಣೆ. ನಾಯಕಿಯನ್ನು ನೋಡುತ್ತ ಕೂರುವುದೇ ಅವರ ಉದ್ಯೋಗ. ಮನೆತುಂಬ ಜನರಿದ್ದು, ಕೊನೆಯ ಪಂಕ್ತಿಯಲ್ಲಿ ಉಣ್ಣುವವಳಿಗೆ ಅದು ಏನು ಎಂದು ನಿನ್ನ ಅತ್ತಿಗೆಯನ್ನು ಕೇಳು. ವಾಕ್ಯ ತಪ್ಪಾಗಿದೆ ಎಂದು ಅವಳಿಗೆ ಹೇಳಲು ಹೋಗಬೇಡ, ಅವಳಿಗೂ ಗೊತ್ತಿದೆ.

ಹೀಗೆಂದ ಮಾತ್ರಕ್ಕೆ ಅವೆಲ್ಲ ಒಳ್ಳೆಯ ಪುಸ್ತಕ ಎಂದು ನಾನು ಹೇಳಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಬೇಡ. ಹುಡುಗಿ ಬೇಡ ಎಂದರೆ ಬೇಕು ಎಂದು ಅರ್ಥ ಮಾಡಿಕೊಳ್ಳುವ ನಾಯಕರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗಂಡಸಿನ ಬಗ್ಗೆ, ದುಡ್ಡಿನ ಬಗ್ಗೆ, ಮದುವೆಯ ಬಗ್ಗೆ ಆ ಪುಸ್ತಕಗಳು ಹೇಳುವುದು ಅಪ್ಪಟ ಸುಳ್ಳು. ಆದರೆ ಹೆಣ್ಣಿಗೂ ಆಸೆ ಇದೆ ಎಂಬುದೊಂದನ್ನು ಅವು ಮುಚ್ಚಿಡುವುದಿಲ್ಲ.

'ಬೇರೆ ಹೆಸರಿನಲ್ಲಿ ಗೀಚಿ ಬಿಸಾಕಲೇ' ಎಂದೆಯಲ್ಲ, ಆ ಬಿಸಾಕುವ ಮಾತಿಗೇ ನನಗೆ ಸಿಟ್ಟು ಬಂದದ್ದು. ತಾತ್ಸಾರ ಇಟ್ಟುಕೊಂಡು ಬರೆದದ್ದು ಓದುಗರಿಗೆ ವಾಸನೆ ಹೊಡೆಯುತ್ತದೆ. ಇದಕ್ಕೆ ಎದುರು ಸಾಕ್ಷಿಯೂ ಇದೆ, ನೀನು ಹುಡುಕುವ ಮೊದಲು ನಾನೇ ಹೇಳುತ್ತೇನೆ. 1969ರಲ್ಲಿ ಅಮೆರಿಕದ ಒಂದು ಪತ್ರಿಕೆಯ ಮೈಕ್ ಮೆಗ್ರೇಡಿ ಎಂಬಾತ, ಜನರ ಅಭಿರುಚಿ ಎಷ್ಟು ಕೆಟ್ಟಿದೆ ಎಂದು ತೋರಿಸಲು, ಜತೆಯ ಪತ್ರಕರ್ತರನ್ನೆಲ್ಲ ಸೇರಿಸಿಕೊಂಡು ತಲೆಗೊಂದು ಅಧ್ಯಾಯದಂತೆ ಬೇಕೆಂದೇ ಕೆಟ್ಟದಾದ ಕಾಮ ಕಾದಂಬರಿಯೊಂದನ್ನು ಬರೆಸಿದ. ಯಾರಾದರೂ ಚೆನ್ನಾಗಿ ಬರೆದುಬಿಟ್ಟರೆ ಅದನ್ನು ಕೆಡಿಸಬೇಕಾಗುತ್ತಿತ್ತಂತೆ! ಒಬ್ಬ ಗೃಹಿಣಿ ಬರೆದದ್ದು ಎಂದು ಹೆಂಗಸಿನ ಹೆಸರಿಟ್ಟರು. ಮಾರಾಟವಾಯಿತು. ಗುಟ್ಟು ರಟ್ಟಾದ ಮೇಲೆ ಇನ್ನೂ ಹೆಚ್ಚಿಗೆ ಮಾರಾಟವಾಯಿತು. ರಕ್ಷಾಪುಟದ ಮೇಲೆ ಬೆತ್ತಲೆ ಬೆನ್ನಿತ್ತು, ಆಮೇಲೆ ಮೋಸದ ಕತೆಯೇ ಜಾಹೀರಾತಾಯಿತು ಎಂದು ನಾನು ವಾದ ಮಾಡಬಹುದು. ಆದರೂ ಈ ಒಂದು ಪ್ರಸಂಗ ನನ್ನ ಮಾತಿಗೆ ಅಡ್ಡ ಬರುತ್ತದೆ. ಬರಲಿ. ನಿನ್ನ ಕೈಲಿ ಆಗುವ ಕೆಲಸ ಅದಲ್ಲ. ಕೆಟ್ಟದಾಗಿ ಬರೆಯಲು ಹೋಗಿ ಮೂರನೇ ಪುಟಕ್ಕೆ ಅಡಿಕೆ ಮರದ ಸಿಂಗಾರ ವರ್ಣಿಸಿಬಿಡುತ್ತೀಯ.

ಈಗ 112ನೇ ಪುಟ.

ಅಡಿಕೆ ಸುಲಿಯುವ ರಾತ್ರಿ. ಕೆಲಸದವರು, ಅತ್ತೆ, ಭಾವ ಎಲ್ಲ ಎದ್ದು ಹೋಗಿದ್ದಾರೆ. ಕೊನೆಯ ಹೆಡಿಗೆ ಮುಗಿಸಿ ಅವನು ಮೆಟ್ಟುಗತ್ತಿ ಪಕ್ಕಕ್ಕೆ ಸರಿಸುತ್ತಾನೆ. ಬೆರಳು ಚೊಗರಿನಿಂದ ಕಪ್ಪಾಗಿವೆ. ಮದುವೆಯಾದಾಗಿನಿಂದ ಅವಳ ಜತೆ ನಾಲ್ಕು ಮಾತು ಸರಿಯಾಗಿ ಆಡದ ಗಂಡಸು, ಕೈ ತೊಳೆದರೂ ಹೋಗದ ಆ ಕಪ್ಪನ್ನು ಪಂಚೆಗೆ ಒರೆಸಿಕೊಳ್ಳುತ್ತ ನಾಚುತ್ತಾನೆ. ಅವಳು ತಾನಾಗಿಯೇ ಆ ಕೈ ಹಿಡಿಯುತ್ತಾಳೆ. ಇಲ್ಲಿ ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ ಮಾರಾಯ್ತಿ, ಅಷ್ಟು ಚೆನ್ನಾಗಿದೆ. ಮುಂದಿನ ಸಾಲು: 'ಹೊರಗೆ ಇಬ್ಬನಿ ಸುರಿಯುತ್ತಿತ್ತು. ಮುಂದಿನದು ಆ ಇಬ್ಬನಿಗಷ್ಟೇ ಗೊತ್ತು.' ಪುಟ ಮಗುಚಿದರೆ ಬೆಳಗಾಗಿದೆ, ಅವಳು ತೆಳ್ಳೇವು ಎರೆಯುತ್ತಿದ್ದಾಳೆ.

ಇಬ್ಬನಿಗೆ ಏನು ಗೊತ್ತು? ಚೊಗರಿನ ಬೆರಳು ಕುತ್ತಿಗೆಗೆ ತಾಗಿದರೆ ಒರಟೋ, ಅಂಟೋ? ಅವಳಿಗೆ ಬೇಕಾಗಿತ್ತೋ, ಬೇಡ ಎನ್ನಲು ದಣಿವಾಗಿತ್ತೋ? ಪಕ್ಕದ ಕೋಣೆಯಲ್ಲಿ ಅತ್ತೆ ಕೆಮ್ಮಿದಾಗ ಇಬ್ಬರೂ ಏನು ಮಾಡಿದರು? ಆಮೇಲೆ ಅವನು ಮಾತಾಡಿದನೋ, ಗೋಡೆಗೆ ಮುಖ ಮಾಡಿದನೋ? ಇದೆಲ್ಲ ನಿನಗೆ ಗೊತ್ತು. ಗೊತ್ತಿಲ್ಲದವಳಿಗೆ ಆ ಬೆರಳು ಕಾಣುತ್ತಿರಲಿಲ್ಲ. ಅಂಗಾಂಗದ ಪಟ್ಟಿ ಬರೆ ಎಂದು ನಾನು ಹೇಳುತ್ತಿಲ್ಲ. ಎರಡು ಸಾಲು ಸಾಕಾಗಬಹುದು. ಆದರೆ ಆ ಎರಡು ಸಾಲು ಅವಳದ್ದಿರಬೇಕು. ಗದ್ದೆ ಪಾಳು ಬಿಟ್ಟವರು ಅಲ್ಲಿ ಬೇರೆಯವರು ಬಿತ್ತಿದರೆ ಬೇಲಿಯಾಚೆ ನಿಂತು ಬೈಯುವ ಹಾಗೆ ಆಗಿದೆ ನಮ್ಮ ಗಂಭೀರ ಸಾಹಿತಿಗಳ ಸ್ಥಿತಿ. ನಾವು ದೀಪ ಆರಿಸಿದ ಕೋಣೆಗೇ ನಿನ್ನ ಅತ್ತಿಗೆಯ ಧಾರಾವಾಹಿಕಾರ್ತಿ ಟ್ಯೂಬ್‌ಲೈಟ್ ಹಾಕಿಕೊಂಡು ಕೂತಿದ್ದಾಳೆ.

ನಮ್ಮ ಸಂಸ್ಕೃತಿ ಎಂದು ಮಾತ್ರ ಹೇಳಬೇಡ. 1209ರಲ್ಲಿ ಜನ್ನ 'ಯಶೋಧರ ಚರಿತೆ' ಬರೆದ. ರಾಣಿ ಅಮೃತಮತಿ ರಾತ್ರಿ ಮಾವುತನ ಹಾಡು ಕೇಳಿ ಸೋಲುತ್ತಾಳೆ. ಅವನು ಎಷ್ಟು ಕುರೂಪಿ ಎಂದು ಜನ್ನ ಒಂದೊಂದಾಗಿ ಹೇಳುತ್ತಾನೆ, ಆಮೇಲೂ ಅವಳನ್ನು ಅವನ ಬಳಿ ಕಳಿಸುತ್ತಾನೆ, ತಡವಾಗಿ ಬಂದಳೆಂದು ಅವನ ಕೈಲಿ ಹೊಡೆಸುತ್ತಾನೆ, ಆದರೂ ಅವಳು ಅವನನ್ನು ಬಿಡುವುದಿಲ್ಲ. ಅವಳು ಪಾಪಿ ಎಂಬುದರಲ್ಲಿ ಜನ್ನನಿಗೆ ಅನುಮಾನ ಇಲ್ಲ. ಆದರೂ ಮುಖ ತಿರುಗಿಸಲಿಲ್ಲ. ಅದಕ್ಕೂ ಮೊದಲು, 12ನೇ ಶತಮಾನದಲ್ಲಿ, ನೇಮಿಚಂದ್ರ 'ಲೀಲಾವತಿ' ಎಂಬ ಶೃಂಗಾರ ಕಾವ್ಯ ಬರೆದ. ಅದರ ನಾಯಕ ಕದಂಬರ ರಾಜಕುಮಾರ, ಊರು ಬನವಾಸಿ. ನಿನ್ನ ತಾಲೂಕೇ! ನಮ್ಮ ಕಾಲಕ್ಕೆ ಹತ್ತಿರ ಬಂದರೆ, ವೇಶ್ಯೆಯರ ಬದುಕು ಬರೆದದ್ದಕ್ಕೆ ಅನಕೃ ಅವರನ್ನು ಎಲ್ಲರೂ ಮುತ್ತಿಕೊಂಡರು, ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂದು ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಮದುವೆಮನೆಯಲ್ಲಿ ಬೀಗರಿಗೆ ಹಾಡು ಕಟ್ಟುವ ನಿನ್ನ ಅಜ್ಜಿಯಂಥವರ ಬಾಯಲ್ಲಿ ಏನೇನು ಬರುತ್ತದೆ ಎಂದು ನಾನು ಇಲ್ಲಿ ಬರೆಯುವುದಿಲ್ಲ.

ನನಗೂ ಒಂದು ಹಳೇ ಹಗೆ ಇದೆ. ಕೋಡಿಬಾಗದ ಮೀನು ಮಾರುವ ವಿಧವೆಯೊಬ್ಬಳ ಕತೆ ಬರೆದು ಒಂದು ವಾರಪತ್ರಿಕೆಗೆ ಕಳಿಸಿದ್ದೆ. ಬುಟ್ಟಿ ಇಳಿಸಲು ಕೈಕೊಟ್ಟ ಲಾರಿ ಕ್ಲೀನರನ ತೋಳನ್ನು ಅವಳು ಒಂದು ಗಳಿಗೆ ಹೆಚ್ಚಿಗೆ ಹಿಡಿದುಕೊಳ್ಳುತ್ತಾಳೆ, ರಾತ್ರಿ ಅದನ್ನೇ ನೆನೆಯುತ್ತಾಳೆ. ಸಂಪಾದಕರು ಆ ಪ್ಯಾರಾ ಹೊಡೆದುಹಾಕಿ ಅಚ್ಚು ಹಾಕಿದರು. ಕೇಳಿದರೆ 'ನಮ್ಮದು ಮನೆಮಂದಿ ಓದುವ ಪತ್ರಿಕೆ, ಅಕ್ಕೋರೆ' ಎಂದರು. ಅದೇ ಸಂಚಿಕೆಯ ಹಿಂಬದಿಯಲ್ಲಿ ದಾಂಪತ್ಯ ಸಮಸ್ಯೆಗೆ ಶರ್ತಿಯ ಚಿಕಿತ್ಸೆ ಕೊಡುವ ವೈದ್ಯರು ಯಾವ ತಾರೀಕಿಗೆ ಯಾವ ಊರಿನ ಯಾವ ಲಾಡ್ಜಿನಲ್ಲಿ ಸಿಗುತ್ತಾರೆ ಎಂಬ ಜಾಹೀರಾತು ಕಾಲು ಪುಟ ಇತ್ತು. ಆ ಸಂಚಿಕೆ ಇನ್ನೂ ನನ್ನ ಹತ್ತಿರ ಇದೆ. ಸಂಪಾದಕರು ಹೋಗಿ ಎಷ್ಟೋ ಕಾಲವಾಯಿತು, ನನ್ನ ಸಿಟ್ಟು ಹೋಗಿಲ್ಲ. ಆ ಕತೆಗೆ ಬಹುಮಾನ ಬಂತು, ತೀರ್ಪುಗಾರರು 'ಸಂಯಮದ ಬರವಣಿಗೆ' ಎಂದು ಹೊಗಳಿದರು. ಬೇರೆಯವನ ಕತ್ತರಿಗೆ ಸಂದ ಹೊಗಳಿಕೆ ಅದು. ನೀನಾದರೆ ಕತ್ತರಿಯನ್ನು ನೀನೇ ಹಿಡಿದಿದ್ದೀಯ, ಸಂಪಾದಕರಿಗೂ ಕೆಲಸ ಉಳಿಸಿಲ್ಲ.

ಆ ಪುಟ ಮತ್ತೆ ಬರೆದು ಕಳಿಸು. ಟೈಪ್ ಮಾಡಿಸು, ಅಕ್ಷರ ದೊಡ್ಡದಿರಲಿ, ನಿನ್ನ ಕೈಬರಹ ನನ್ನ ಕಣ್ಣಿಗೆ ಆಗುವುದಿಲ್ಲ. ದೇವಿಮನೆ ಘಟ್ಟದ ವರ್ಣನೆ ಇರುವ ಅಧ್ಯಾಯದಲ್ಲಿ ಅರ್ಧ ತೆಗೆದುಹಾಕಬಹುದು, ಅದರ ಬಗ್ಗೆ ಬೇರೆ ಬರೆಯುತ್ತೇನೆ. ಬೇರೆ ಹೆಸರಿನ ಕಾದಂಬರಿ ಬರೆದರೆ ನನಗೆ ಕಳಿಸಬೇಡ ಎಂದು ಬರೆಯಬೇಕೆಂದಿದ್ದೆ. ಬೇಡ, ಅದನ್ನೂ ಕಳಿಸು. ಈಗೀಗ ಮಧ್ಯಾಹ್ನ ನಿದ್ದೆ ಬರುವುದಿಲ್ಲ. ನಿನ್ನ ಅತ್ತಿಗೆ ಓದುವ ಆ ಧಾರಾವಾಹಿಯ ಹೆಸರೇನು, ಎಲ್ಲಿ ಸಿಗುತ್ತದೆ ಎಂಬುದನ್ನೂ ಕೇಳಿ ಬರೆ.

ನಿನ್ನ
ಅಕ್ಕೋರು